ಕೇಳದೆ ಬರೆದ ಉತ್ತರ

ಅತ್ತೆಯ ಎಡತೋಳಿನ ಚರ್ಮದಡಿ ಇದ್ದ ಆರೋಗ್ಯ ಅಳೆಯುವ ಕಾಳು ಎಲ್ಲ ಸರಿಯಿದೆ ಎಂದು ಹಸಿರು ತೋರಿಸುತ್ತಿದ್ದ ವಾರದಲ್ಲೇ, ಅತ್ತೆ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ತನ್ನ ಒಳಲಂಗವನ್ನು ಒಬ್ಬಳೇ ಉಜ್ಜುತ್ತಿದ್ದುದನ್ನು ನಾನು ನೋಡಿದೆ. ಬಕೆಟ್ಟಿನ ನೀರು ಕೆಂಪಾಗಿತ್ತು. ಅತ್ತೆಗೆ, ಎಂದರೆ ನನ್ನ ಅಪ್ಪನ ತಂಗಿಗೆ, ಐವತ್ಮೂರು. ಮುಟ್ಟು ನಿಂತು ಹದಿನಾಲ್ಕು ತಿಂಗಳಾಗಿತ್ತು.

“ಏನತ್ತೆ ಅದು?”

“ಬೀಟ್ರೂಟು ಚೆಲ್ಕೊಂಡೆ.”

ನಮ್ಮ ಮನೆಯಲ್ಲಿ ಬೀಟ್ರೂಟನ್ನು ಯಾರೂ ತಿನ್ನುವುದಿಲ್ಲ. ನಾನು ಸುಮ್ಮನೆ ಅಲ್ಲೇ ನಿಂತೆ. ಮಾತಿಗಿಂತ ನನಗೆ ಸುಮ್ಮನೆ ನಿಲ್ಲುವುದೇ ಚೆನ್ನಾಗಿ ಬರುತ್ತದೆ. ಅತ್ತೆ ಎರಡು ಸಲ ಲಂಗ ಹಿಂಡಿದಳು, ಬಾಗಿಲ ಕಡೆ ನೋಡಿದಳು, ಆಮೇಲೆ ದನಿ ತಗ್ಗಿಸಿದಳು.

“ಮೂರ್ನೇ ಸಲ ಕಣವ್ವ ಇದು. ನಿಮ್ಮಾವಂಗೆ ಯೋಳ್ಬ್ಯಾಡ. ಹುಳ ನಾಕ್ನೇ ಜ್ವರ ಎದ್ದವೆ. ಇನ್ನೊಂದು ವಾರಕ್ಕೆ ಹಣ್ಣಾಯ್ತವೆ. ಚಂದ್ರಿಕೆಗೆ ಹಾಕಿದ್ಮೇಲೆ ನೋಡಾನ.”

ರೇಷ್ಮೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ರೇಷ್ಮೆ ಹುಳು ನಾಲ್ಕು ಸಲ ಪೊರೆ ಕಳಚುತ್ತದೆ. ಅದನ್ನೇ ನಾವು ಜ್ವರ ಎನ್ನುತ್ತೇವೆ. ನಾಲ್ಕನೆಯದು ಎದ್ದ ಮೇಲೆ ಹುಳು ಹಗಲಿರುಳು ಸೊಪ್ಪು ತಿಂದು ಹಣ್ಣಾಗುತ್ತದೆ, ಬಿದಿರಿನ ಚಂದ್ರಿಕೆಯ ಮೇಲೆ ಗೂಡು ಕಟ್ಟುತ್ತದೆ. ಈ ಇಪ್ಪತ್ತೈದು ಇಪ್ಪತ್ತಾರು ದಿನಗಳಲ್ಲಿ ಮುಟ್ಟಾದ ಹೆಂಗಸು ಹುಳುಮನೆಯ ಹೊಸ್ತಿಲು ದಾಟುವಂತಿಲ್ಲ. ದಾಟಿದರೆ ಹುಳುವಿಗೆ ರೋಗ ಬರುತ್ತದೆ ಎಂದು ನಂಬಿಕೆ. ಸೊಪ್ಪು ಕೊಯ್ಯುವವಳು, ಹೊರುವವಳು, ಹಾಕುವವಳು, ಹಿಕ್ಕೆ ಬಳಿಯುವವಳು ಎಲ್ಲ ಅವಳೇ. ಆ ಐದು ದಿನ ಮಾತ್ರ ಅವಳೇ ರೋಗ. ಆದ್ದರಿಂದ ನಮ್ಮ ಕಡೆಯ ಹೆಂಗಸರು ಹುಳುವಿನ ಮೊಟ್ಟೆ ತರುವ ದಿನವೇ ಔಷಧಿ ಅಂಗಡಿಯಿಂದ ಮುಟ್ಟು ಮುಂದೂಡುವ ಮಾತ್ರೆಯನ್ನೂ ತರುತ್ತಾರೆ. ಮುಟ್ಟು ನಿಂತ ಮೇಲೆ ಅತ್ತೆ ಆ ಮಾತ್ರೆಯ ಖಾಲಿ ಹಾಳೆಗಳನ್ನೆಲ್ಲ ಒಲೆಗೆ ಹಾಕಿ, “ಇನ್ನು ತಿಂಗ್ಳು ಮೂವತ್ತು ದಿನಾನೂ ಹುಳಿನ್ಮನೆ ನಂದೇ” ಎಂದು ನಕ್ಕಿದ್ದಳು. ಆ ನಗುವನ್ನು ನಾನು ದಿನಚರಿಯಲ್ಲಿ ಬರೆದಿಟ್ಟಿದ್ದೆ.

ಈಗ ಕಾಳಿನ ಮಾತು. ನಾನು ಹುಟ್ಟುವ ಮೊದಲು, ಕಿಬ್ಬೊಟ್ಟೆ ನೋವೆಂದು ಹೋದ ಹೆಂಗಸರಿಗೆ ಗರ್ಭಕೋಶವನ್ನೇ ತೆಗೆದು ಕಳಿಸುತ್ತಿದ್ದ ಆಸ್ಪತ್ರೆಗಳಿದ್ದವಂತೆ. ಅದನ್ನು ತಡೆಯಲೆಂದೇ ಕಾಳು ಬಂತು. ರಾಗಿಯಷ್ಟು ದಪ್ಪ. ರಕ್ತದಲ್ಲಿನ ಕಬ್ಬಿಣ, ಮೈಯ ಬಿಸಿ, ಎರಡು ಹಾರ್ಮೋನು, ಇವನ್ನು ಅಳೆದು ಯಾರಿಗೆ ಯಾವಾಗ ಎಷ್ಟು ಸ್ರಾವವಾಯಿತೆಂದು ಜಿಲ್ಲೆಯ ನಿಯಂತ್ರಣ ಕೊಠಡಿಗೆ ತಿಳಿಸುತ್ತದೆ. ಅಲ್ಲಿರುವ ದರ್ಪಣ ಎಂಬ ಗಣಕ ಹಸಿರು, ಹಳದಿ, ಕೆಂಪು ಬಣ್ಣ ಕೊಡುತ್ತದೆ. ಕೆಂಪು ಬಂದರೆ ಮಾತ್ರ ಪರೀಕ್ಷೆಗೆ ಸಂಖ್ಯೆ. ಸಂಖ್ಯೆ ಇಲ್ಲದ ಸೀಸೆಯನ್ನು ಯಾವ ಪ್ರಯೋಗಾಲಯವೂ ಮುಟ್ಟುವುದಿಲ್ಲ. ಬೇಡದ ಶಸ್ತ್ರಚಿಕಿತ್ಸೆ ನಿಂತದ್ದು ನಿಜ. ಬೇಕಾದ ಪರೀಕ್ಷೆಯೂ ಅದರ ಜೊತೆಗೇ ನಿಂತದ್ದನ್ನು ಯಾರೂ ಲೆಕ್ಕ ಹಾಕಲಿಲ್ಲ.

ಕಣ್ಣು ತೋರಿಸಿಕೊಂಡು ಬರುತ್ತೇವೆ ಎಂದು ಮಾವನಿಗೆ ಹೇಳಿ ಅತ್ತೆಯನ್ನು ಬಸ್ಸು ಹತ್ತಿಸಿದೆ.

ಡಾಕ್ಟರ್ ತಸ್ನೀಮ್ ತಾಲ್ಲೂಕು ಆಸ್ಪತ್ರೆಯಲ್ಲಿ ಮೂವತ್ತು ವರ್ಷದಿಂದ ಇರುವವರು. ಸ್ಕ್ಯಾನ್ ಮಾಡಿ, ಪರದೆಯನ್ನು ನಮ್ಮ ಕಡೆ ತಿರುಗಿಸಿದರು.

“ಗರ್ಭಕೋಶದ ಒಳಗೋಡೆಗೆ ಒಂದು ಪದರ ಇರುತ್ತೆ ದೇವೀರಮ್ಮ. ಪ್ರತಿ ತಿಂಗಳು ಬೆಳೆದು, ಮುಟ್ಟಲ್ಲಿ ಕಳಚಿಕೊಳ್ಳೋದು ಅದೇ. ಮುಟ್ಟು ನಿಂತವರಲ್ಲಿ ಅದು ತೆಳ್ಳಗಾಗಿ ನಾಲ್ಕು ಮಿಲಿಮೀಟರಿನ ಒಳಗಿರಬೇಕು. ನಿಮಗೆ ಹನ್ನೊಂದಿದೆ.”

“ಅಂದ್ರೆ ಕೆಟ್ಟದ್ದಾ?”

“ಗೊತ್ತಿಲ್ಲ. ಹತ್ತು ಜನ ಹೀಗೆ ಬಂದರೆ ಒಂಬತ್ತು ಜನಕ್ಕೆ ಹೆದರೋ ಅಂಥದ್ದು ಇರಲ್ಲ. ಆ ಒಬ್ಬರು ಯಾರು ಅಂತ ಹೊರಗಿಂದ ನೋಡಿ ಹೇಳೋಕಾಗಲ್ಲ, ಅದಕ್ಕೇ ಒಳಗಿಂದ ಒಂಚೂರು ತೆಗೆದು ನೋಡಬೇಕು.”

ಡ್ರಾಯರಿನಿಂದ ಒಂದು ಪೊಟ್ಟಣ ತೆಗೆದು ತೋರಿಸಿದರು. ಒಳಗೆ ಎಳನೀರಿನ ಕೊಳವೆಗಿಂತ ತೆಳ್ಳಗಿನ, ಬಗ್ಗುವ ನಳಿಕೆ. ಅದರೊಳಗೊಂದು ಕಡ್ಡಿ. “ಇದನ್ನ ಗರ್ಭಕೋಶದ ಬಾಯಿಂದ ಒಳಗೆ ಬಿಟ್ಟು ಕಡ್ಡಿ ಹಿಂದಕ್ಕೆ ಎಳೀತೀನಿ. ಪದರದ ಚೂರು ನಳಿಕೆಯೊಳಗೆ ಬರುತ್ತೆ. ಐದು ನಿಮಿಷ. ಅರಿವಳಿಕೆ ಕೊಡೋದಿಲ್ಲ, ಕೊಯ್ಯೋದಿಲ್ಲ. ಮುಟ್ಟಿನ ನೋವಿನ ಹಾಗೆ ಒಂದ್ಸಲ ಬಿಗಿಯಾಗಿ ಹಿಂಡುತ್ತೆ, ಕೆಲವರಿಗೆ ಜಾಸ್ತೀನೇ. ಸುಳ್ಳು ಹೇಳಲ್ಲ. ಒಂದು ಗಂಟೆ ಮುಂಚೆ ನೋವಿನ ಮಾತ್ರೆ ಕೊಡ್ತೀನಿ. ಎರಡು ದಿನ ಸ್ವಲ್ಪ ಕಲೆ ಕಾಣಬಹುದು. ವಾರದಲ್ಲಿ ಉತ್ತರ. ಚೂರು ಸಾಲದೆ ಹೋದರೆ ಇನ್ನೊಂದು ಸಲ ಮಾಡಬೇಕಾಗುತ್ತೆ.”

ಅತ್ತೆ ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿದಳು. “ಇಷ್ಟೇಯಾ? ಗೂಡಿನ್ ಮಾರ್ಕೆಟ್ಟಲ್ಲಿ ನಾಕು ಗೂಡು ಕೊಯ್ದು ಒಳಗಿನ್ ಹುಳ ನೋಡ್ದೆ ನೂಲ್ ತೆಗ್ಯೋ ಯಾವ ರೀಲರ್ರೂ ರೇಟ್ ಯೋಳಲ್ಲ. ಮಾಡಿ ಡಾಕ್ಟ್ರಮ್ಮ.”

ಡಾಕ್ಟರ್ ನಕ್ಕು ಸಂಖ್ಯೆಗಾಗಿ ಗಣಕದ ಗುಂಡಿ ಒತ್ತಿದರು. ನಗು ಹಾಗೇ ಮುಖದ ಮೇಲೆ ಒಣಗಿತು.

‘ಮಾತ್ರೆ ಮುಟ್ಟು. ಹಸಿರು. ಪರೀಕ್ಷೆ ಅನಗತ್ಯ.’

“ಮಾತ್ರೆ ತಗೊಂಡಿದ್ರಾ?”

“ನಿಂತೋದ್ ಮುಟ್ಟು ಮುಂದಕ್ಕಾಕಕ್ಕೆ ನಾನ್ಯಾಕ್ ಮಾತ್ರೆ ನುಂಗ್ಲಿ? ನಂಗೇನು ತಲೆ ಕೆಟ್ಟದಾ?”

ಡಾಕ್ಟರ್ ತಸ್ನೀಮ್ ನಳಿಕೆಯನ್ನು ಮತ್ತೆ ಪೊಟ್ಟಣಕ್ಕೆ ಹಾಕಿದರು. “ಈ ತಿಂಗಳಲ್ಲಿ ಇದು ಐದನೆಯದು. ನಾನು ಚೂರು ತೆಗೀಬಲ್ಲೆ. ಅದನ್ನ ಓದೋರು ಯಾರು?” ಆಮೇಲೆ ನನ್ನ ಕೊರಳಿನ ಗುರುತಿನ ಚೀಟಿ ಅವರ ಕಣ್ಣಿಗೆ ಬಿತ್ತು. “ಓ, ನೀನು ಆ ನಿಯಂತ್ರಣ ಕೊಠಡೀಲೇ ಕೆಲಸ ಮಾಡೋದಾ? ಹಾಗಾದರೆ ಹೋಗಿ ನೋಡು. ಯಾರು ಕೇಳಿ ಬರೆದರು ಇದನ್ನ?”

ಹೌದು, ನಾನು ಅಲ್ಲೇ ಕೆಲಸ ಮಾಡುವವಳು. ಪದವಿಯ ಮೂರು ವರ್ಷದಲ್ಲಿ ತರಗತಿಯಲ್ಲಿ ಎದ್ದು ನಿಂತು ಒಂದು ಪ್ರಶ್ನೆಯನ್ನೂ ಕೇಳದ ನನಗೆ ಸಿಕ್ಕ ಹುದ್ದೆಯ ಹೆಸರು ವಿಚಾರಕಿ. ಕಾಳಿಗೆ ಒಂದು ಕುರುಡಿದೆ. ಮೈಯ ಹಾರ್ಮೋನನ್ನು ಅದು ಗುರುತಿಸುತ್ತದೆ, ಮಾತ್ರೆಯ ಕೃತಕ ಹಾರ್ಮೋನನ್ನು ಗುರುತಿಸಲಾರದು. ಮಾತ್ರೆ ನಿಲ್ಲಿಸಿದಾಗ ಬರುವ ಮುಟ್ಟೂ ಹೊತ್ತು ತಪ್ಪಿಯೇ ಬರುತ್ತದೆ. ಆದ್ದರಿಂದ ಹೊತ್ತಲ್ಲದ ಹೊತ್ತಿನಲ್ಲಿ ಸ್ರಾವ ಕಂಡಾಗ ನಾವು ಇಪ್ಪತ್ತನಾಲ್ಕು ಜನ ಹುಡುಗಿಯರು ಫೋನ್ ಮಾಡಿ ‘ಮಾತ್ರೆ ತೆಗೆದುಕೊಂಡಿದ್ದಿರಾ’ ಎಂದು ಕೇಳಿ ಗುರುತು ಹಾಕಬೇಕು. ದರ್ಪಣ ಕಲಿಯುವುದು ನಮ್ಮ ಗುರುತುಗಳಿಂದ.

ಮರುದಿನ ಬೆಳಿಗ್ಗೆ ಅತ್ತೆಯ ನೋಂದಣಿ ಸಂಖ್ಯೆ ಹಾಕಿ ಕಡತ ತೆರೆದೆ. ನಮಗೆ ಹೆಸರುಗಳು ಕಾಣುವುದಿಲ್ಲ, ಸಂಖ್ಯೆ ಮಾತ್ರ. ಮೂರು ಸ್ರಾವ, ಮೂರು ಗುರುತು, ಮೂರಕ್ಕೂ ‘ಮಾತ್ರೆ’. ಕರೆಯ ಅವಧಿ: ಸೊನ್ನೆ, ಸೊನ್ನೆ, ಸೊನ್ನೆ. ಗುರುತು ಹಾಕಿದವರು: ವಿಚಾರಕಿ ಹದಿನೇಳು.

ಹದಿನೇಳು ನಾನು.

ಒಂದೊಂದಾಗಿ ನೆನಪಾಯಿತು. ದಿನಕ್ಕೆ ನೂರ ಎಂಬತ್ತು ಕಡತ. ಫೋನ್ ಎತ್ತುವುದು ಮುಕ್ಕಾಲು ಪಾಲು ಗಂಡಸರು. “ಯಾರು? ಏನು? ನಂಗೇಳು, ನಾನೇ ಅವಳಿಗೆ ಹೇಳ್ತೀನಿ.” ಆಗ ನಾನು ಫೋನ್ ಇಟ್ಟುಬಿಡುತ್ತಿದ್ದೆ. ಹೆಂಗಸರೇ ಎತ್ತಿದರೂ ಪಕ್ಕದಲ್ಲಿ ಯಾರೋ ಇರುತ್ತಿದ್ದರು. ಪ್ರಶ್ನೆ ಮುಗಿಯುವ ಮೊದಲೇ “ಹೂಂ, ಮಾತ್ರೆ, ಮಾತ್ರೆ” ಎಂದು ಮುಗಿಸುತ್ತಿದ್ದರು. ಹುಳುಮನೆಯಿದ್ದ ಮನೆಯಲ್ಲಿ ಬೇರೆ ಉತ್ತರ ಕೊಟ್ಟರೆ ಮುಂದಿನ ಪ್ರಶ್ನೆ ಏನೆಂದು ಅವರಿಗೆ ಗೊತ್ತಿತ್ತು. ಇನ್ನು ನಮ್ಮ ಸೂಚನಾ ಪುಸ್ತಕದಲ್ಲಿ ಒಂದು ವಾಕ್ಯವಿತ್ತು: ‘ಸ್ರಾವದ ದಿನಾಂಕವು ರೇಷ್ಮೆ ಬೆಳೆಯ ಅವಧಿಯೊಂದಿಗೆ ತಾಳೆಯಾದಲ್ಲಿ ಮಾತ್ರೆ ಎಂದು ಭಾವಿಸಬಹುದು.’ ಭಾವಿಸಬಹುದು! ಯಾರು ಭಾವಿಸಬಹುದು, ಯಾರ ಮೈಯ ಬಗ್ಗೆ? ನನ್ನಂಥ ಮಾತು ಬಾರದವಳಿಗೆ ಆ ವಾಕ್ಯ ಹಾಸಿಗೆಯಷ್ಟು ಹಿತವಾಗಿತ್ತು. ಮೊದಮೊದಲು ನಾಲ್ಕು ಸಲ ಕರೆ ಮಾಡಿ ಭಾವಿಸುತ್ತಿದ್ದೆ. ಆಮೇಲೆ ಒಂದು ಸಲ. ಆಮೇಲೆ ಕರೆ ಮಾಡದೆಯೇ.

ಐವತ್ತು ದಾಟಿದವಳು ಮುಟ್ಟು ಮುಂದೂಡುವ ಮಾತ್ರೆ ಯಾಕೆ ನುಂಗುತ್ತಾಳೆ ಎಂದು ಯಂತ್ರಕ್ಕೆ ಹೊಳೆಯಲಿಲ್ಲ. ಹೇಗೆ ಹೊಳೆದೀತು? ನಮ್ಮ ಸೀಮೆಯ ಐವತ್ತು ದಾಟಿದವರೆಲ್ಲ ಹಾಗೇ ಎಂದು ನಾವೇ ಆರು ವರ್ಷ ಪಾಠ ಹೇಳಿದ್ದೆವು. ದರ್ಪಣಕ್ಕೆ ನಾಚಿಕೆ ಎಂಬುದು ಗೊತ್ತೇ ಇರಲಿಲ್ಲ. ನಮ್ಮದನ್ನು ಕಡ ಕೊಟ್ಟೆವು.

ಮೇಲ್ವಿಚಾರಕ ಮಧುಕೇಶ್ ಸಾರ್ ಹತ್ತಿರ ಹೋದೆ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ, ಓದಿದೆ.

“ನೋಡಿ ಇಂಪನಾ, ದರ್ಪಣ ನೂರಕ್ಕೆ ತೊಂಬತ್ತೇಳು ಸರಿ. ಇಡೀ ರಾಜ್ಯದಲ್ಲಿ ನಮ್ಮ ಜಿಲ್ಲೆ ಎರಡನೇ ಸ್ಥಾನ.”

“ಸರಿ ಅಂತ ಹೇಗೆ ಗೊತ್ತಾಗುತ್ತೆ ಸಾರ್?”

“ನಿಮ್ಮ ಗುರುತಿನ ಜೊತೆ ಹೋಲಿಸಿ.”

“ನನ್ನ ಗುರುತೇ ಸುಳ್ಳು ಸಾರ್.”

ಅವರು ಚಹಾದ ಲೋಟ ಕೆಳಗಿಟ್ಟರು. “ಅದನ್ನ ಅಷ್ಟು ಗಟ್ಟಿಯಾಗಿ ಹೇಳಬೇಡಿ.”

ನಾನು ಗಟ್ಟಿಯಾಗಿ ಹೇಳಿದ್ದೆನೇ? ಹಿಂದೆ ತಿರುಗಿದರೆ ಇಪ್ಪತ್ಮೂರು ಹುಡುಗಿಯರೂ ಹೆಡ್‌ಫೋನ್ ಇಳಿಸಿ ನನ್ನನ್ನೇ ನೋಡುತ್ತಿದ್ದರು. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಅದನ್ನು ಕಂಡು ನನ್ನ ಸಿಟ್ಟು ಇಮ್ಮಡಿಯಾಯಿತು. ಎಲ್ಲರಿಗೂ ಗೊತ್ತಿತ್ತು.

“ಉಳಿದ ಮೂರು ಯಾರು ಸಾರ್, ನೂರರಲ್ಲಿ?”

“ಯಾರು ಅಂದ್ರೆ? ಅದು ಅಂಕಿ ಕಣ್ರಿ.”

ಅಂಕಿ ನಿನ್ನೆ ನನ್ನ ಜೊತೆ ಬಸ್ಸಿನಲ್ಲಿ ಕಡ್ಲೆಕಾಯಿ ತಿನ್ನುತ್ತಾ ಬಂತು ಸಾರ್ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಅದನ್ನು ಆಮೇಲೆ ದಿನಚರಿಯಲ್ಲಿ ಬರೆದೆ. ನಾನು ಕೇಳಿದ್ದು ಗುರುತು ತಿದ್ದುವ ದಾರಿಯನ್ನು. ಒಂದೇ ದಾರಿಯಿತ್ತು. ಕಚೇರಿಯ ಹೊತ್ತಿನಲ್ಲಿ, ಧ್ವನಿ ದಾಖಲಾಗುವ ಕರೆಯಲ್ಲಿ, ಮನೆಯ ನೋಂದಾಯಿತ ಫೋನಿನಿಂದ, ಆ ಹೆಂಗಸೇ ಸ್ವಂತ ದನಿಯಲ್ಲಿ ಮೂರು ಪ್ರಶ್ನೆಗೆ ಉತ್ತರಿಸಬೇಕು. ಆಗ ಕಡತ ಮತ್ತೆ ತೆರೆಯುತ್ತದೆ. ತೆರೆದ ಕಡತಕ್ಕೆ ವೈದ್ಯರೇ ಸಂಖ್ಯೆ ಕೊಡಬಹುದು.

ಅತ್ತೆಯ ಮನೆಯ ನೋಂದಾಯಿತ ಫೋನ್ ಇರುವುದು ಮಾವನ ಅಂಗಿಯ ಜೇಬಿನಲ್ಲಿ.

ಸಂಜೆ ಅತ್ತೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಬಿಚ್ಚುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಗುರುತು ಹಾಕಿದವಳು ನಾನೇ ಎಂಬುದನ್ನೂ.

ಅತ್ತೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. “ನನ್ನ ಕೈಲೇ ಉಂಡ್ಕೊಂಡು, ನನ್ ಪಕ್ಕದಲ್ಲೇ ಮಲ್ಗ್ ಎದ್ದು, ನಂಗೇನಾಗದೆ ಅಂತ ಆಫೀಸ್ಗೋಗಿ ನೀನೇ ಬರ್ದ್ಯಾ?”

“ನಿನ್ನ ನಂಬರು ಅಂತ ಗೊತ್ತಿರಲಿಲ್ಲ ಅತ್ತೆ.”

“ಇನ್ಯಾವಳ್ದೋ ಆಗಿದ್ರೆ ಸರಿಯಾಗೋಗ್ತಿತ್ತಾ?”

ನಾನೂ ಒಂದು ಕಡ್ಡಿ ಎಳೆದುಕೊಂಡು ಸೊಪ್ಪು ಬಿಡಿಸತೊಡಗಿದೆ.

ಅವಳು ಮೊಣಕೈಯಿಂದ ತಿವಿದಳು. “ಅಳ್ಬ್ಯಾಡ ಸುಮ್ಕಿರು. ನಿಂಗೆ ಕೇಳಕ್ಕೆ ನಾಚ್ಕೆ, ನಂಗೆ ಯೋಳಕ್ಕೆ ನಾಚ್ಕೆ. ಬೀಟ್ರೂಟು ಅಂದವ್ಳು ನಾನು ತಾನೆ?” ಆಮೇಲೆ ಹುಳುಮನೆಯ ಕಡೆ ನೋಡಿದಳು. “ಆ ಫೋನಲ್ಲಿ ಯೋಳುದ್ರೆ ನಿಮ್ಮಾವಂಗೆ ಗೊತ್ತಾಯ್ತದೆ, ಊರ್ಗೂ ಗೊತ್ತಾಯ್ತದೆ. ಈ ಬೆಳೆ ಏನಾರ ಕೈ ಕೊಟ್ರೆ ಸಾಯೋಗಂಟ ನನ್ ಹೆಸ್ರೇ ಯೋಳ್ತಾರೆ. ಹಣ್ಣಾಗ್ಲಿ ಇಂಪು. ಒಂದ್ ವಾರ.”

“ಇನ್ನೊಂದು ವಾರಕ್ಕೆ ಹಳೇ ಗುರುತುಗಳಿಗೆ ಆಫೀಸಿನ ಮುದ್ರೆ ಬಿದ್ದುಹೋಗುತ್ತೆ ಅತ್ತೆ. ಆಮೇಲೆ ಆರು ತಿಂಗಳು ತಿದ್ದೋಕಾಗಲ್ಲ.”

ಅವಳು ಸೊಪ್ಪೆತ್ತಿಕೊಂಡು ಒಳಗೆ ಹೋದಳು. ಹಸಿದ ಹುಳು ಸೊಪ್ಪು ಕಡಿಯುವ ಸದ್ದು ನನಗೆ ಹೊರಗೇ ಕೇಳುತ್ತಿತ್ತು.

ಮರುದಿನ ಹನ್ನೊಂದು ಗಂಟೆಗೆ ನನ್ನ ಮೇಜಿನಿಂದ ಕರೆ ಮಾಡಿದೆ. ದಾಖಲೆಯ ಕೆಂಪು ದೀಪ ಹತ್ತಿತು. ಅತ್ತೆ ಮಾತಾಡುತ್ತಾಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಮಾವ ಎತ್ತಿದರು.

“ಏನಮ್ಮ ಇಂಪನಾ, ಆಫೀಸಿಂದ?”

“ಮಾವ, ಅತ್ತೆಗೆ ಕೊಡಿ.”

“ಹುಳಿನ್ಮನೇಲವ್ಳೆ. ನಂಗೇಳು.”

ಎಂದಿನ ಹಾಗೆ ಬೆರಳು ಫೋನ್ ಇಡುವ ಗುಂಡಿಯತ್ತ ತಾನಾಗಿ ಹೋಯಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡೆ. “ನಿಮಗೆ ಹೇಳೋದಲ್ಲ ಮಾವ. ಅತ್ತೆ ಹತ್ರಾನೇ ಕೇಳಬೇಕು. ಅವರ ಮೈ ವಿಚಾರ.”

ಚಪ್ಪಲಿ ಸದ್ದು, ಬಾಗಿಲ ಸದ್ದು, ಹುಳುವಿನ ಸದ್ದು. “ಇಗಾ, ನಿನ್ ಸೊಸೆ. ಅದೇನೋ ಮೈ ವಿಚಾರ್ವಂತೆ.” ಅವರು ಫೋನನ್ನು ಸ್ಪೀಕರಿಗೆ ಹಾಕಿದ್ದರು.

“ಮೊದಲನೇ ಪ್ರಶ್ನೆ. ನಿಮಗೆ ಮುಟ್ಟು ನಿಂತು ಎಷ್ಟು ಕಾಲವಾಯಿತು?” ನನ್ನ ದನಿ ನನಗೇ ಬೇರೆಯವರದೆನಿಸಿತು.

“ಹದಿನಾಕು ತಿಂಗ್ಳು.”

“ಎರಡನೇ ಪ್ರಶ್ನೆ. ಅದಾದ ಮೇಲೆ ರಕ್ತ ಹೋಗಿದೆಯೇ?”

ಹುಳು ಸೊಪ್ಪು ತಿನ್ನುತ್ತಿತ್ತು. ಗಡಿಯಾರದ ಮುಳ್ಳು ಒಂಬತ್ತು ಸೆಕೆಂಡು ದಾಟಿತು. ಗುರುತು ತಿದ್ದುವ ಕರೆಯಲ್ಲಿ ಉತ್ತರವಿಲ್ಲದೆ ಹತ್ತು ದಾಟಿದರೆ ಕರೆ ತಾನಾಗಿ ಮುಗಿಯುತ್ತದೆ.

“ಹೋಗದೆ. ಮೂರ್ ಸಲ. ಈಗ್ಲೂ ಹೋಯ್ತಾ ಅದೆ.”

“ಮೂರನೇ ಪ್ರಶ್ನೆ. ಮಾತ್ರೆ…”

“ಇಲ್ಲ. ಒಂದೂ ಇಲ್ಲ.”

ಆಗ ಮಾವನ ದನಿ ಕೇಳಿಸಿತು. ಹೆಂಡತಿಗೆ ಮೂರು ಸಲ ರಕ್ತ ಹೋಗಿದೆ ಎಂದು ಆಗತಾನೇ ಕೇಳಿದ ಗಂಡಸಿನ ಮೊದಲ ಮಾತನ್ನು ಸರ್ಕಾರದ ಯಂತ್ರ ದಾಖಲಿಸಿಕೊಂಡಿದೆ, ಬೇಕಾದವರು ಹೋಗಿ ಕೇಳಬಹುದು: “ಅಂಗೇ ಹುಳಿನ್ಮನೇಗೆ ಬಂದಿದ್ಯಾ?”

“ಬಂದಿದ್ದೆ. ದಿನಾ ಬಂದಿದ್ದೆ. ನಾಕು ಜ್ವರಾನೂ ನನ್ ಕೈಲೇ ಎದ್ದವೆ. ಯಾವ್ದು ಸತ್ತದೆ ಎಣ್ಸು ಬಾ. ಎಣ್ಸು! ನಿನ್ ಹುಳಿಗೆ ಜ್ವರ ಬಂದ್ರೆ ರಾತ್ರಿಯೆಲ್ಲ ಎದ್ದಿರ್ತೀಯ, ನಾನ್ ಮೂರ್ ತಿಂಗ್ಳಿಂದ ಸವೀತಾ ಇವ್ನಿ, ನನ್ ಮಕ ನೋಡಿದ್ಯಾ?”

ಪರದೆಯ ಮೇಲೆ ‘ಮಾತ್ರೆ’ ಎಂಬ ಪದ ಅಳಿಸಿ ‘ಕಾರಣ ತಿಳಿದಿಲ್ಲ’ ಎಂದು ಬಂತು. ಆರು ವರ್ಷದಲ್ಲಿ ನಾನು ಅಲ್ಲಿ ನೋಡಿದ ಮೊದಲ ನಿಜ ಅದು.

ಪರೀಕ್ಷೆಯ ದಿನ ಅತ್ತೆ ನನ್ನ ಕೈ ಹಿಡಿದುಕೊಂಡಿದ್ದಳು. ಕಡ್ಡಿ ಎಳೆದಾಗ ಒಮ್ಮೆ “ಅವ್ವಾ” ಎಂದು ಕೂಗಿ ನನ್ನ ಬೆರಳ ಕೀಲು ತಪ್ಪುವಂತೆ ಹಿಸುಕಿದಳು. ಅಷ್ಟರಲ್ಲಿ ಮುಗಿದಿತ್ತು. ಪುಟ್ಟ ಸೀಸೆಯಲ್ಲಿ ಉಗುರಿನ ತುದಿಯಷ್ಟು ಏನೋ ತೇಲುತ್ತಿತ್ತು. ಇದಕ್ಕಾಗಿ. ಇಷ್ಟಕ್ಕಾಗಿ. ಹೊರಗೆ ಬೆಂಚಿನ ಮೇಲೆ ಮಾವ ಕೂತಿದ್ದರು. ಬಸ್ಸಿನಲ್ಲಿ ಅತ್ತೆಯ ಚೀಲವನ್ನು ತಾವೇ ಹಿಡಿದುಕೊಂಡರು. ಅದನ್ನು ದೊಡ್ಡ ಬದಲಾವಣೆ ಎಂದು ಬರೆಯುವಷ್ಟು ಉದಾರಿ ನಾನಲ್ಲ.

ವಾರದ ಮೇಲೆ ಕಾಗದ ಬಂತು. ಡಾಕ್ಟರ್ ತಸ್ನೀಮ್ ಎರಡು ಸಲ ಓದಿ ಹೇಳಿದರು. “ಕ್ಯಾನ್ಸರ್ ಇದರಲ್ಲಿ ಕಂಡಿಲ್ಲ. ಆದರೆ ಅದಾಗೋಕೆ ಹೊರಟು ನಿಂತಿರೋ ಜೀವಕೋಶ ಇವೆ. ಈ ಗರ್ಭಕೋಶ ತೆಗೀಲೇಬೇಕು ದೇವೀರಮ್ಮ. ಈಗ ತೆಗೆದರೆ ನೀವು ಇನ್ನೂ ಎಷ್ಟೋ ಬೆಳೆ ಎಬ್ಬಿಸ್ತೀರಿ. ಹಸಿರು ಅಂತ ನಂಬಿ ಒಂದು ವರ್ಷ ಕೂತಿದ್ದರೆ ಇದೇ ಕಾಗದದಲ್ಲಿ ಬೇರೆ ಪದ ಇರ್ತಿತ್ತು.”

ಆ ಬೆಳೆಯ ಗೂಡು ಚೆನ್ನಾಗಿ ಬಂತು. ಬರದೆ ಹೋಗಿದ್ದರೂ ನಾನು ಇದನ್ನೆಲ್ಲ ಹೀಗೇ ಬರೆಯುತ್ತಿದ್ದೆ.

ಅತ್ತೆಯ ಶಸ್ತ್ರಚಿಕಿತ್ಸೆ ಮುಗಿದು ಅವಳು ಮನೆಗೆ ಬಂದ ಮೇಲೆ, ನನ್ನ ಗುರುತುಗಳನ್ನು ಸೋಸಿದೆ. ವಯಸ್ಸು ನಲವತ್ತೈದು ದಾಟಿದವರು, ಗುರುತು ಮಾತ್ರೆ, ಕರೆಯ ಅವಧಿ ಸೊನ್ನೆ, ಹಾಕಿದವರು ಹದಿನೇಳು. ನಾನೂರ ಆರು. ಮುದ್ರೆ ಬಿದ್ದವುಗಳನ್ನು ತಿದ್ದುವಂತಿಲ್ಲ ಎಂದು ಮಧುಕೇಶ್ ಸಾರ್ ಹೇಳಿದರು. ತಿದ್ದುವುದಿಲ್ಲ ಸಾರ್, ಕೇಳುತ್ತೇನೆ, ಅವರ ದನಿ ದಾಖಲಾಗಲಿ, ಆಮೇಲೆ ಯಾರು ಇಲ್ಲವೆನ್ನುತ್ತಾರೋ ನೋಡೋಣ ಎಂದೆ. ವರ್ಗಾವಣೆಯ ಮಾತೆತ್ತಿದರು. ನನ್ನ ಪಕ್ಕದ ಹದಿನೆಂಟನೆಯವಳು, ಅಲ್ಲಿಯವರೆಗೂ ನನ್ನೊಡನೆ ಒಂದು ಮಾತೂ ಆಡದವಳು, ತನ್ನ ಪಟ್ಟಿಯನ್ನೂ ಸೋಸತೊಡಗಿದಳು.

ಮೊದಲ ಸಂಖ್ಯೆ. ಮೂರು ಸಲ ಗಂಟೆ ಬಾರಿಸಿತು. ಹೆಂಗಸಿನ ದನಿ. ಹಿಂದೆ ಟಿ.ವಿ., ಯಾರೋ ಗಂಡಸಿನ ಕೆಮ್ಮು.

“ನಮಸ್ಕಾರ ಅಮ್ಮ. ಕಾಳಿನ ಕಚೇರಿಯಿಂದ. ಹೋದ ತಿಂಗಳು ನಿಮಗೆ…”

“ಹೂಂ, ಮಾತ್ರೆ ತಗೊಂಡಿದ್ದೆ, ಮಾತ್ರೆ.”

ಆರು ವರ್ಷ ನಾನು ಇಲ್ಲಿಗೇ ನಿಲ್ಲಿಸುತ್ತಿದ್ದೆ.

“ಯಾವ ಮಾತ್ರೆ ಅಮ್ಮ? ಹೆಸರು ಹೇಳಿ. ಇಲ್ಲವೇ ಬಣ್ಣ ಹೇಳಿ.”

ನಾನು ಫೋನ್ ಇಡಲಿಲ್ಲ. “ನನಗೆ ಅವಸರ ಇಲ್ಲ,” ಎಂದೆ. “ನೀವು ಒಳಗೆ ಹೋಗಿ ಮಾತಾಡಿ. ನಾನು ಕಾಯ್ತೀನಿ.”

ಟಿ.ವಿ. ಸದ್ದು ದೂರವಾಯಿತು. ಬಳೆ ಸದ್ದಾಯಿತು. ಒಂದು ಬಾಗಿಲು ಮುಚ್ಚಿಕೊಂಡಿತು, ಅಗುಳಿ ಬಿತ್ತು.

“ಮಾತ್ರೆ ಇಲ್ಲ ಕಣಮ್ಮ,” ಎಂದಿತು ಆ ದನಿ. “ಯಾರೂ ಕೇಳ್ಲೇ ಇಲ್ಲ.”